ಮಗ್ಗಿ ಬಾಯಿಪಾಠ ಬೇಡ ಅನ್ನುತ್ತದೆ ಶಾಲೆ, ಮಗಳು 8+7ಕ್ಕೆ ಬೆರಳು ಮಡಚುತ್ತಾಳೆ. ಏನು ಮಾಡಲಿ?

ಮೂರನೇಕ್ಲಾಸ್_ಅಪ್ಪ
ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ತರಗತಿ. 8+7 ಎಷ್ಟು ಅಂತ ಕೇಳಿದರೆ ಅವಳ ಕೈ ಮೇಜಿನ ಕೆಳಗೆ ಹೋಗುತ್ತದೆ. ನನಗೆ ಕಾಣುವುದಿಲ್ಲ ಅಂದುಕೊಂಡು ಬೆರಳು ಮಡಚುತ್ತಾಳೆ. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಮೂರಂಕಿ ಕೂಡುವ ಲೆಕ್ಕ ಕೊಟ್ಟರೆ ಪ್ರತಿ ಸಾಲಿಗೂ ಇದೇ ಕಥೆ. ಅಷ್ಟರಲ್ಲಿ ದಶಕ ಇತ್ತು ಅನ್ನುವುದೇ ಮರೆತುಹೋಗಿರುತ್ತದೆ.

ಶಾಲೆಯಲ್ಲಿ ಕೇಳಿದೆ. "ನಾವು ಮಗ್ಗಿ ಬಾಯಿಪಾಠ ಮಾಡಿಸುವುದಿಲ್ಲ, ಮೊದಲು ಅರ್ಥ ಆಗಬೇಕು, ನೀವೂ ಮನೆಯಲ್ಲಿ ಒತ್ತಾಯ ಮಾಡಬೇಡಿ" ಅಂದರು. ಒಂದೇ ಲೆಕ್ಕವನ್ನು ಮೂರು ಥರ ಮಾಡಿಸುತ್ತಾರೆ. ಒಂದು ದಿನ ಕಡ್ಡಿ ಕಂತೆ, ಒಂದು ದಿನ ಸಂಖ್ಯಾರೇಖೆ, ಇನ್ನೊಂದು ದಿನ ಹತ್ತು ಮನೆಯ ಚೌಕಟ್ಟು. ನಮ್ಮ ತಂದೆಗೆ ಇದೆಲ್ಲ ನಗೆ. "ಇಪ್ಪತ್ತರ ತನಕ ಮಗ್ಗಿ ಹೇಳಿಸು, ಉಳಿದದ್ದು ತಾನಾಗಿ ಬರುತ್ತದೆ" ಅನ್ನುತ್ತಾರೆ. ನಾನು ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಶಿಕ್ಷಕರು ಯಾರಾದರೂ ಇದ್ದರೆ ಹೇಳಿ, ನಿಜವಾಗಿ ಏನು ಮಾಡಬೇಕು?

ಹಳೇಮೇಷ್ಟ್ರು
ನಿಮ್ಮ ತಂದೆ ಹೇಳಿದ್ದೇ ಸರಿ. ನಾನು ನಿವೃತ್ತ ಶಿಕ್ಷಕ. ಬೆಳಿಗ್ಗೆ ಮೊದಲ ಹದಿನೈದು ನಿಮಿಷ ಇಡೀ ತರಗತಿ ನಿಂತು ಮಗ್ಗಿ ಹೇಳುತ್ತಿತ್ತು. ದಡ್ಡ ಅಂತ ಎಲ್ಲರೂ ಕೈಬಿಟ್ಟ ಹುಡುಗನಿಗೂ ಹತ್ತರವರೆಗೆ ನಾಲಿಗೆ ತುದಿಯಲ್ಲಿ ಇರುತ್ತಿತ್ತು. ಈಗ ಅರ್ಥ ಅರ್ಥ ಅಂತ ಹೇಳಿ ಅರ್ಥವೂ ಇಲ್ಲ, ಪಾಠವೂ ಇಲ್ಲ.

ಸೊನ್ನೆ
ಮೇಷ್ಟ್ರೇ, ಅದೇ ಹುಡುಗನನ್ನು ನಡುವಿನಿಂದ "ಏಳಾರ್ಲ ಎಷ್ಟು" ಅಂತ ಕೇಳಿ ನೋಡಿದ್ದೀರಾ? ನಮ್ಮ ಕ್ಲಾಸಿನಲ್ಲಿ ಎಲ್ಲರೂ ಏಳೊಂದ್ಲ ಏಳರಿಂದ ಶುರು ಮಾಡಿ ಓಡಿಕೊಂಡು ಬರುತ್ತಿದ್ದೆವು. 😄

ಹಳೇಮೇಷ್ಟ್ರು
@ಸೊನ್ನೆ ಓಡಿಕೊಂಡಾದರೂ ಬರುತ್ತಿದ್ದರಲ್ಲ? ಈಗಿನವರು ಹೊರಡುವುದೇ ಇಲ್ಲ.

ಚಾಕ್‌ಪೀಸ್
ನಾನು ಎರಡು ಮತ್ತು ಮೂರನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಅಪ್ಪನವರೇ, ಮೊದಲು ಒಂದು ವಿಷಯ ಗಮನಿಸಿ ಹೇಳಿ. ಮಗಳು 8+7ಕ್ಕೆ ಹೇಗೆ ಎಣಿಸುತ್ತಾಳೆ? ಎಂಟು ಬೆರಳು ತೆಗೆದು, ಆಮೇಲೆ ಏಳು ಸೇರಿಸಿ, ಎಲ್ಲವನ್ನೂ ಒಂದರಿಂದ ಎಣಿಸುತ್ತಾಳಾ? ಅಥವಾ ಎಂಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು "ಒಂಬತ್ತು, ಹತ್ತು, ಹನ್ನೊಂದು..." ಅಂತ ಮುಂದೆ ಹೋಗುತ್ತಾಳಾ? ಎರಡೂ ಬೆರಳೆಣಿಕೆಯೇ, ಆದರೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಹಾಗೆಯೇ 2+9 ಕೊಟ್ಟು ನೋಡಿ. ಎರಡರಿಂದ ಶುರು ಮಾಡುತ್ತಾಳಾ, ಒಂಬತ್ತರಿಂದಲಾ?

ಬೆರಳು ಬಳಸುವುದು ತಪ್ಪಲ್ಲ. ಬೈದರೆ ಕೈ ಮೇಜಿನ ಕೆಳಗೆ ಹೋಗುತ್ತದೆ, ಅಷ್ಟೇ. ಆಗ ಮಗು ಎಲ್ಲಿ ನಿಂತಿದೆ ಅಂತ ನಮಗೆ ಕಾಣುವುದೂ ನಿಲ್ಲುತ್ತದೆ.

ಮೂರನೇಕ್ಲಾಸ್_ಅಪ್ಪ
@ಚಾಕ್‌ಪೀಸ್ ಈಗಷ್ಟೇ ಕೇಳಿ ನೋಡಿದೆ ಮೇಡಂ. ಎಂಟರಿಂದ ಮುಂದೆ ಎಣಿಸುತ್ತಾಳೆ. 2+9ಕ್ಕೆ ಒಂಬತ್ತರಿಂದ ಶುರು ಮಾಡಿದಳು. ಆದರೆ 5+5 ಮಾತ್ರ ಕೇಳಿದ ಕೂಡಲೇ ಹತ್ತು ಅಂದಳು. 8+2ಕ್ಕೆ ಬೆರಳು ತೆಗೆದಳು.

ಚಾಕ್‌ಪೀಸ್
ಅಲ್ಲಿಯೇ ಇದೆ ನೋಡಿ ವಿಷಯ. ಮಗಳು ಹಿಂದೆ ಬಿದ್ದಿಲ್ಲ, ಒಂದು ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಾಳೆ. 8+2 = 10 ಅನ್ನುವುದು ಯೋಚಿಸದೆ ಬರಬೇಕು. ಹತ್ತಾಗುವ ಜೋಡಿಗಳು ಅಂತ ನಾವು ಕರೆಯುತ್ತೇವೆ: 1-9, 2-8, 3-7, 4-6, 5-5. ಐದೇ ಐದು. ಇದು ಗಟ್ಟಿಯಾದರೆ 8+7 ಹೀಗಾಗುತ್ತದೆ: ಎಂಟಕ್ಕೆ ಹತ್ತಾಗಲು ಎರಡು ಬೇಕು. ಆ ಎರಡನ್ನು ಏಳರಿಂದ ಕೊಡು. ಏಳರಲ್ಲಿ ಐದು ಉಳಿಯಿತು. ಹತ್ತು ಮತ್ತು ಐದು, ಹದಿನೈದು.

ಇದಕ್ಕೆ ಮೂರು ಸಂಗತಿ ಗೊತ್ತಿರಬೇಕು. ಎಂಟರ ಜೋಡಿ ಎರಡು, ಏಳು ಅಂದರೆ ಎರಡು ಮತ್ತು ಐದು, ಹತ್ತರ ಮೇಲೆ ಐದು ಅಂದರೆ ಹದಿನೈದು. ಇದರಲ್ಲಿ ಒಂದು ಸಡಿಲ ಇದ್ದರೂ ಮಗು ಮತ್ತೆ ಬೆರಳಿಗೆ ಹೋಗುತ್ತದೆ. ಶಾಲೆಯಲ್ಲಿ ಹತ್ತು ಮನೆಯ ಚೌಕಟ್ಟು ತೋರಿಸುವುದು ಇದಕ್ಕೇ. ಐದೈದು ಮನೆಗಳ ಎರಡು ಸಾಲು. ಎಂಟು ಚುಕ್ಕಿ ಇಟ್ಟರೆ ಎರಡು ಮನೆ ಖಾಲಿ. ಖಾಲಿ ಇರುವುದು ಕಣ್ಣಿಗೆ ಕಾಣುತ್ತದೆ, ಎಣಿಸಬೇಕಾಗಿಲ್ಲ. ಮೂರು ನಾಲ್ಕು ವಸ್ತುಗಳಾದರೆ ನಾವೆಲ್ಲ ಎಣಿಸದೆ ಒಂದೇ ನೋಟಕ್ಕೆ ಹೇಳುತ್ತೇವೆ. ಅದರ ಮೇಲೆ ಹೋದರೆ ಕಣ್ಣಿಗೆ ಕಷ್ಟ. ಹಾಗಾಗಿ ಚೌಕಟ್ಟು ಅದನ್ನು ಐದರ ಗುಂಪು ಮಾಡಿ ಕೊಡುತ್ತದೆ.

ನಿಮ್ಮ ಶಾಲೆ ಚೌಕಟ್ಟು ತೋರಿಸಿದ್ದು ಸರಿ. ತೋರಿಸಿ ಬಿಟ್ಟುಬಿಟ್ಟರಾ, ದಿನಾ ಐದು ನಿಮಿಷ ಮತ್ತೆ ಮತ್ತೆ ಮಾಡಿಸಿದರಾ ಅನ್ನುವುದು ನನ್ನ ಪ್ರಶ್ನೆ.

ಕೋಡ್‌ಕುಟ್ಟುವವ
ಫೋನಿನಲ್ಲಿ ಕ್ಯಾಲ್ಕುಲೇಟರ್ ಇರುವಾಗ ಇಷ್ಟೆಲ್ಲ ಯಾಕೆ? ನಾನು ದಿನವಿಡೀ ಕೋಡ್ ಬರೆಯುತ್ತೇನೆ, ಹದಿನೇಳರ ಮಗ್ಗಿ ಒಮ್ಮೆಯೂ ಬೇಕಾಗಿಲ್ಲ. ಮಕ್ಕಳಿಗೆ ತರ್ಕ ಕಲಿಸಿ ಸಾಕು.

ಲೆಕ್ಕಕ್ಕೆ_ಸಿಗದವಳು
@ಕೋಡ್‌ಕುಟ್ಟುವವ ಕ್ಯಾಲ್ಕುಲೇಟರಿನಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿದರೆ ಉತ್ತರ ತಪ್ಪು ಅಂತ ಹೇಳುವವರು ಯಾರು? ಅಂದಾಜು ಗೊತ್ತಿರಬೇಕಲ್ವಾ. 48ನ್ನು 21ರಿಂದ ಗುಣಿಸಿದರೆ ಸಾವಿರದ ಆಸುಪಾಸು ಅಂತ ತಲೆಯಲ್ಲಿ ಹೊಳೆಯದಿದ್ದರೆ, ಪರದೆಯಲ್ಲಿ 10,080 ಬಂದರೂ ಒಪ್ಪಿಕೊಂಡುಬಿಡುತ್ತೀರಿ.

ಬಿಡಿಹತ್ತುನೂರು
@ಕೋಡ್‌ಕುಟ್ಟುವವ ನೀವು ತರ್ಕ ಅನ್ನುತ್ತೀರಿ, ಆ ತರ್ಕ ಓಡುವುದಕ್ಕೂ ತಲೆಯಲ್ಲಿ ಜಾಗ ಬೇಕು. ಒಂದು ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳುವುದು ಕೆಲವೇ ಸಂಗತಿಗಳನ್ನು. ಅಪ್ಪನವರ ಮಗಳ ವಿಷಯದಲ್ಲಿ ಆಗುತ್ತಿರುವುದು ಅದೇ. 8+7 ಎಣಿಸುವುದರಲ್ಲೇ ಗಮನ ಎಲ್ಲ ಖರ್ಚಾಗಿ, ದಶಕ ಇಟ್ಟುಕೊಳ್ಳಲು ಜಾಗ ಉಳಿಯುವುದಿಲ್ಲ. ಮೂಲ ಸಂಗತಿಗಳು ತಾವಾಗಿ ಬಂದರೆ ಆ ಜಾಗ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಸಿಗುತ್ತದೆ. ಭಿನ್ನರಾಶಿಗೆ ಬಂದಾಗ ಇದು ಇನ್ನೂ ಕಾಡುತ್ತದೆ. 18/24ನ್ನು ಸಂಕ್ಷೇಪಿಸು ಅಂದರೆ ಎರಡೂ ಆರರ ಮಗ್ಗಿಯಲ್ಲಿ ಇವೆ ಅಂತ ಕಣ್ಣಿಗೆ ಹೊಡೆಯಬೇಕು.

ಹಳೇಮೇಷ್ಟ್ರು
ನಾನು ಹೇಳಿದ್ದೂ ಇದನ್ನೇ ಅಲ್ಲವೇ? ಬಾಯಿಪಾಠ ಮಾಡಿಸಿ ಅಂತ.

ಬಿಡಿಹತ್ತುನೂರು
ಅರ್ಧ ಇದನ್ನೇ ಹೇಳಿದಿರಿ ಸರ್. ಕೊನೆಗೆ ನೆನಪಿನಲ್ಲಿ ಇರಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಜಗಳ ಇರುವುದು ದಾರಿಯ ಬಗ್ಗೆ. ಸಾಲಾಗಿ ಹಾಡಿದ ಮಗ್ಗಿ ಸಾಲಾಗಿಯೇ ನೆನಪಿರುತ್ತದೆ. ಸೊನ್ನೆಯವರು ಹೇಳಿದಂತೆ ನಡುವಿನಿಂದ ಎಳೆದರೆ ಬರುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಒಂದರಿಂದ ಹತ್ತರ ಮಗ್ಗಿ ಅಂದರೆ ನೂರು ಸಂಗತಿ. ಮಗುವಿಗೆ ಇದು ಬೆಟ್ಟ. ಆದರೆ 3×7 ಮತ್ತು 7×3 ಒಂದೇ ಅಂತ ಚುಕ್ಕಿ ಸಾಲು ಬರೆದು, ಹಾಳೆ ತಿರುಗಿಸಿ ತೋರಿಸಿದರೆ ನೂರು ಹೋಗಿ 55 ಉಳಿಯುತ್ತದೆ. 1, 2, 5, 10ರ ಮಗ್ಗಿ ಸುಲಭ, ಅವನ್ನು ತೆಗೆಯಿರಿ. 21 ಉಳಿಯಿತು. ಒಂಬತ್ತರದು ಹತ್ತರದ್ದರಿಂದ ಬರುತ್ತದೆ: 9×6 ಅಂದರೆ 60ರಲ್ಲಿ 6 ಕಳೆ, 54. ಅಲ್ಲಿಗೆ 15. ನಾಲ್ಕರದು ಎರಡರ ಎರಡರಷ್ಟು: 4×7 ಅಂದರೆ 14, ಮತ್ತೆ 28. ಉಳಿದದ್ದು ಹತ್ತು. 3×3, 3×6, 3×7, 3×8, 6×6, 6×7, 6×8, 7×7, 7×8, 8×8. ಒತ್ತು ಕೊಟ್ಟು ಅಭ್ಯಾಸ ಮಾಡಿಸಬೇಕಾದ್ದು ಈ ಹತ್ತನ್ನು. ನೂರನ್ನೂ ಒಂದೇ ಸಮ ಹೇಳಿಸಿದರೆ ಎರಡೊಂದ್ಲ ಎರಡಕ್ಕೂ ಏಳೆಂಟ್ಲ ಐವತ್ತಾರಕ್ಕೂ ಒಂದೇ ಹೊತ್ತು ಸಿಗುತ್ತದೆ, ಅದು ದಂಡ.

ಸೊನ್ನೆ
ಎಂಟರದ್ದೂ ನಾಲ್ಕರ ಎರಡರಷ್ಟು ಅಲ್ವಾ? ಹಾಗಾದರೆ ಇನ್ನೂ ನಾಲ್ಕು ಕಡಿಮೆ ಆಗುತ್ತದೆ. ಆರೇ ಉಳಿಯುತ್ತದೆ.

ಬಿಡಿಹತ್ತುನೂರು
@ಸೊನ್ನೆ ಆಗುತ್ತದೆ. ಆದರೆ 8×7ಕ್ಕೆ 14, 28, 56 ಅಂತ ಮೂರು ಸಲ ಇಮ್ಮಡಿ ಮಾಡುವಷ್ಟರಲ್ಲಿ ಚಿಕ್ಕ ಮಕ್ಕಳು ಎಲ್ಲಿ ಇದ್ದೇವೆ ಅನ್ನುವುದನ್ನೇ ಮರೆಯುತ್ತಾರೆ. ದೊಡ್ಡವರಿಗೆ ಸರಿ. ಮಕ್ಕಳಿಗೆ 5, 6, 7, 8 (56 = 7×8) ಅಂತ ಹೇಳಿಬಿಡುತ್ತೇನೆ. ಇದಕ್ಕೆ ಅರ್ಥ ಗಿರ್ಥ ಏನೂ ಇಲ್ಲ, ಆದರೆ ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಹಳೇಮೇಷ್ಟ್ರು
ನೋಡಿ, ಅರ್ಥ ಇಲ್ಲದ್ದನ್ನೂ ಕಲಿಸುತ್ತೀರಿ ಅಂತಾಯಿತು. 🙂

ಲೆಕ್ಕಕ್ಕೆ_ಸಿಗದವಳು
ನನಗೆ ಒಂದು ಸಂಕಟ ಹೇಳಿಕೊಳ್ಳಬೇಕು. ನಾನು ಓದಿದ ಶಾಲೆಯಲ್ಲಿ ಮಗ್ಗಿ ಪರೀಕ್ಷೆ ಗಡಿಯಾರ ಇಟ್ಟು ಮಾಡುತ್ತಿದ್ದರು. ತಪ್ಪಿದವರು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಹಿಂದಿನ ರಾತ್ರಿ ನನಗೆ ಎಲ್ಲ ಬರುತ್ತಿತ್ತು. ಬೆಳಿಗ್ಗೆ ಹೆಸರು ಕರೆದ ಕೂಡಲೇ ತಲೆ ಖಾಲಿ. ಇವತ್ತಿಗೂ ಯಾರಾದರೂ "ಬೇಗ ಹೇಳು" ಅಂದರೆ ನನಗೆ ಆರೇಳು ನಲವತ್ತೆರಡು ಕೂಡ ಬರುವುದಿಲ್ಲ. ಆದ್ದರಿಂದ ವೇಗ ವೇಗ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸರಾಗ ಬೇರೆ, ವೇಗ ಬೇರೆ.

ಚಾಕ್‌ಪೀಸ್
@ಲೆಕ್ಕಕ್ಕೆ_ಸಿಗದವಳು ಅಕ್ಕ, ಅದು ನಿಮ್ಮೊಬ್ಬರ ಕಥೆಯಲ್ಲ. ಹೆದರಿಕೆಗೂ ತಲೆಯಲ್ಲಿ ಜಾಗ ಬೇಕು, ಅದು ಲೆಕ್ಕದ ಜಾಗವನ್ನೇ ಕಿತ್ತುಕೊಳ್ಳುತ್ತದೆ. ನಾನು ಗಡಿಯಾರ ಪೂರ್ತಿ ಬಿಟ್ಟಿಲ್ಲ. ಆದರೆ ಮಗು ತನ್ನ ನಿನ್ನೆಯ ಹಾಳೆಯ ಜೊತೆ ಹೋಲಿಸಿಕೊಳ್ಳಬೇಕು, ಪಕ್ಕದವನ ಜೊತೆ ಅಲ್ಲ. ಅಂಕ ಗೋಡೆಗೆ ಅಂಟಿಸುವುದಿಲ್ಲ.

ಮಂಚದಮೇಲೆಗಣಿತ
ಇಂಗ್ಲೆಂಡಿನಲ್ಲಿ ಇದನ್ನು ಸರ್ಕಾರವೇ ಮಾಡುತ್ತದೆ. ಎಂಟು ಒಂಬತ್ತು ವರ್ಷದ ಮಕ್ಕಳಿಗೆ, ಅಂದರೆ ಅಲ್ಲಿನ ನಾಲ್ಕನೇ ವರ್ಷದ ತರಗತಿಗೆ, ಮಗ್ಗಿ ಪರೀಕ್ಷೆ ಇದೆ. 2022ರಿಂದ ಸರ್ಕಾರಿ ಶಾಲೆಗಳಿಗೆ ಕಡ್ಡಾಯ. ಕಂಪ್ಯೂಟರಿನಲ್ಲಿ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. 12×12ರವರೆಗೆ ಕೇಳುತ್ತಾರೆ. ಪ್ರಶ್ನೆಗಳು ಸಾಲಾಗಿ ಬರುವುದಿಲ್ಲ, ಹಾಗಾಗಿ ಹಾಡಿಕೊಂಡು ಹೋಗುವವರಿಗೆ 6 ಸೆಕೆಂಡು ಸಾಲುವುದಿಲ್ಲ. ಪಾಸು ಫೇಲು ಇಲ್ಲ. ಆದರೂ ಅಲ್ಲಿಯೂ ಇಲ್ಲಿಯ ಥರವೇ ಜಗಳ ನಡೆಯುತ್ತಲೇ ಇದೆ.

ಸೊನ್ನೆ
ಯಾಕೆ 12? ಹತ್ತಕ್ಕೆ ನಿಲ್ಲಿಸಬಹುದಿತ್ತಲ್ಲ.

ಮಂಚದಮೇಲೆಗಣಿತ
@ಸೊನ್ನೆ 1971ರವರೆಗೆ ಅವರ ಒಂದು ಶಿಲ್ಲಿಂಗಿಗೆ 12 ಪೆನ್ಸ್ ಇತ್ತು. ಒಂದು ಅಡಿಗೆ 12 ಅಂಗುಲ ಇನ್ನೂ ಇದೆ. ಹನ್ನೆರಡರ ಮಗ್ಗಿ ಇಲ್ಲದೆ ಲೆಕ್ಕ ನಡೆಯುತ್ತಿರಲಿಲ್ಲ.

ಮಗ್ಗಿ ಇಪ್ಪತ್ತರ ತನಕ ಅನ್ನುವವರಿಗೂ ಒಂದು ಸುದ್ದಿ. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳ ಮೇಲೆ ಮಗ್ಗಿ ಇದೆ. ಲಿಪಿಕಾರರಾಗಲು ಕಲಿಯುತ್ತಿದ್ದ ಮಕ್ಕಳು ಬರೆದು ಬರೆದು ಅಭ್ಯಾಸ ಮಾಡಿದವು. ಒಂದೊಂದು ಮಗ್ಗಿಯೂ 1ರಿಂದ 20ರ ತನಕ ಸಾಲಾಗಿ ಹೋಗಿ, ಆಮೇಲೆ 30, 40, 50 ಅಂತ ಹಾರುತ್ತದೆ. ಅವರದು ಅರವತ್ತರ ಎಣಿಕೆ, ನಾವು ಹತ್ತರ ಗುಂಪು ಮಾಡುವ ಹಾಗೆ ಅವರು ಅರವತ್ತರ ಗುಂಪು ಮಾಡುತ್ತಿದ್ದರು. ಹಾಗಾಗಿ 37 ಬೇಕಾದರೆ 30ರದ್ದನ್ನೂ 7ರದ್ದನ್ನೂ ಕೂಡಿಸಿದರೆ ಆಯಿತು, 59ರ ತನಕ ಬರೆಯಬೇಕಾಗಿಲ್ಲ. ಆ ಕಾಲಕ್ಕೇ ಗೊತ್ತಿತ್ತು, ಎಲ್ಲವನ್ನೂ ಬಾಯಿಪಾಠ ಮಾಡಬಾರದು, ಒಡೆದು ಸೇರಿಸಬೇಕು ಅಂತ.

ಹಳೇಮೇಷ್ಟ್ರು
ಇದು ಚೆನ್ನಾಗಿದೆ. ಆದರೆ ಬರೆದು ಬರೆದು ಅಭ್ಯಾಸ ಮಾಡಿದರು ಅನ್ನುವುದನ್ನೂ ನೀವೇ ಹೇಳಿದಿರಿ.

ಕೋಡ್‌ಕುಟ್ಟುವವ
ಮಣಿಚೌಕಟ್ಟಿನ (ಅಬ್ಯಾಕಸ್) ತರಗತಿಗೆ ಸೇರಿಸಿ ಅಪ್ಪನವರೇ. ನಮ್ಮ ಪಕ್ಕದ ಮನೆ ಹುಡುಗ ಗಾಳಿಯಲ್ಲಿ ಬೆರಳು ಆಡಿಸಿ ಆರಂಕಿ ಸಂಖ್ಯೆಗಳನ್ನು ಕೂಡುತ್ತಾನೆ. ನೋಡಿದರೆ ಬೆರಗಾಗುತ್ತದೆ.

ಲೆಕ್ಕಕ್ಕೆ_ಸಿಗದವಳು
@ಕೋಡ್‌ಕುಟ್ಟುವವ ಈಗಷ್ಟೇ ಕ್ಯಾಲ್ಕುಲೇಟರ್ ಸಾಕು ಅಂದಿರಿ?

ಕೋಡ್‌ಕುಟ್ಟುವವ
ಇದು ಬ್ಯಾಟರಿ ಇಲ್ಲದ ಕ್ಯಾಲ್ಕುಲೇಟರ್ ಅಷ್ಟೇ.

ಬಿಡಿಹತ್ತುನೂರು
ಜಪಾನಿನ ಮಣಿಚೌಕಟ್ಟಿನಲ್ಲಿ ಒಂದೊಂದು ಕಂಬಿಗೆ ಮೇಲೆ ಐದರ ಬೆಲೆಯ ಒಂದು ಮಣಿ, ಕೆಳಗೆ ಒಂದರ ಬೆಲೆಯ ನಾಲ್ಕು ಮಣಿ. ಅಭ್ಯಾಸ ಗಟ್ಟಿಯಾದ ಮಕ್ಕಳು ಮಣಿಗಳನ್ನು ಮನಸ್ಸಿನಲ್ಲಿಯೇ ಸರಿಸುತ್ತಾರೆ. ಕೂಡುವ ವೇಗ ಖಂಡಿತ ಬರುತ್ತದೆ. ಆದರೆ "ಒಬ್ಬನ ಹತ್ತಿರ 24 ಪೆನ್ಸಿಲ್ ಇವೆ, ಅದು ಗೆಳೆಯನ ಹತ್ತಿರ ಇರುವುದಕ್ಕಿಂತ 6 ಜಾಸ್ತಿ, ಗೆಳೆಯನ ಹತ್ತಿರ ಎಷ್ಟು" ಅಂತ ಕೇಳಿದರೆ ಕೂಡಬೇಕಾ ಕಳೆಯಬೇಕಾ ಅಂತ ಮಣಿ ಹೇಳುವುದಿಲ್ಲ. "ಜಾಸ್ತಿ" ಅನ್ನುವ ಮಾತು ಕಂಡ ಕೂಡಲೇ ಕೂಡಿಬಿಡುವ ಮಕ್ಕಳೇ ಹೆಚ್ಚು. ಸೇರಿಸಿ, ತಪ್ಪಿಲ್ಲ. ಶಾಲೆಯ ಗಣಿತಕ್ಕೆ ಅದೇ ಬದಲಿ ಅಂದುಕೊಳ್ಳಬೇಡಿ.

ಅಜ್ಜಿಮನೆಪಾಟಿ
ನನ್ನ ಮೊಮ್ಮಗನದು ಕಳೆಯುವ ಲೆಕ್ಕದ ಗೋಳು. 52−38 ಕೊಟ್ಟರೆ 26 ಅಂತ ಬರೆಯುತ್ತಾನೆ. ಎಷ್ಟು ಸಲ ಹೇಳಿದರೂ ಅದೇ. ಗಮನ ಇಲ್ಲ ಅಂತ ಅವನ ಅಮ್ಮ ಬೈಯುತ್ತಾಳೆ.

ಚಾಕ್‌ಪೀಸ್
@ಅಜ್ಜಿಮನೆಪಾಟಿ ಬೈಯಬೇಡಿ ಅಂತ ಅವನ ಅಮ್ಮನಿಗೆ ಹೇಳಿ ಅಮ್ಮಾ. ಅವನು ಗಮನ ಕೊಟ್ಟೇ ಮಾಡುತ್ತಿದ್ದಾನೆ. 2ರಲ್ಲಿ 8 ಹೋಗುವುದಿಲ್ಲ, ಹಾಗಾಗಿ 8ರಲ್ಲಿ 2 ಕಳೆದು 6 ಬರೆದ. 5ರಲ್ಲಿ 3 ಹೋಗಿ 2. ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾನೆ. ಅವನಿಗೆ 52 ಅನ್ನುವುದು ಐವತ್ತೆರಡು ಅಲ್ಲ, ಪಕ್ಕಪಕ್ಕ ಕೂತ 5 ಮತ್ತು 2. "ಸಾಲ ತಗೋ" ಅಂತ ಹೇಳಿಕೊಟ್ಟರೆ ಕೆಲವು ದಿನ ಮಾಡಿ ಮತ್ತೆ ಮರೆಯುತ್ತಾನೆ.

ಹೀಗೆ ಮಾಡಿ. ಪಾಟಿ ಮೇಲೆ ಒಂದು ಗೆರೆ ಎಳೆಯಿರಿ. ಒಂದು ತುದಿಗೆ 38, ಇನ್ನೊಂದು ತುದಿಗೆ 52. 38ರಿಂದ 40ಕ್ಕೆ ಎಷ್ಟು ಹಾರಬೇಕು? 2. 40ರಿಂದ 50ಕ್ಕೆ? 10. 50ರಿಂದ 52ಕ್ಕೆ? 2. ಎಲ್ಲ ಸೇರಿ 14. ಆಮೇಲೆ 26 ಬರೆದ ಹಾಳೆ ತೆಗೆದು "38ಕ್ಕೆ 26 ಸೇರಿಸಿದರೆ ಎಲ್ಲಿಗೆ ಹೋಗುತ್ತೀಯ" ಅಂತ ಕೇಳಿ. ಅರವತ್ತು ದಾಟಿತಲ್ಲ ಅಂತ ಅವನೇ ಹೇಳಬೇಕು, ನೀವು ಹೇಳಬೇಡಿ.

ಅಜ್ಜಿಮನೆಪಾಟಿ
ಅಯ್ಯೋ, ಇದು ನಾನು ಚಿಲ್ಲರೆ ಲೆಕ್ಕ ಮಾಡುವ ರೀತಿಯೇ ಅಲ್ಲವೇನಮ್ಮಾ. ಇದಕ್ಕೆ ಶಾಲೆಯಲ್ಲಿ ಹೆಸರು ಬೇರೆ ಇದೆಯಾ?

ಸೊನ್ನೆ
ಇಷ್ಟೊತ್ತು ಹೊಸ ಪದ್ಧತಿ ಅಂತ ಬೈಸಿಕೊಂಡದ್ದು ಇದೇ ಅಜ್ಜಿ 😂

ಬಿಡಿಹತ್ತುನೂರು
ಸ್ಥಾನಬೆಲೆ ವಿಷಯ ಬಂದಿತಲ್ಲ, ಇನ್ನೊಂದು ಸೇರಿಸುತ್ತೇನೆ. "ನೂರಾ ಎರಡು ಬರೆ" ಅಂದರೆ 1002 ಬರೆಯುವ ಮಕ್ಕಳು ಎಲ್ಲ ತರಗತಿಯಲ್ಲೂ ಸಿಗುತ್ತಾರೆ. ಕೇಳಿದ ಹಾಗೆ ಬರೆದಿದ್ದಾರೆ, ನೂರಕ್ಕೆ 100, ಪಕ್ಕದಲ್ಲಿ 2. ತಪ್ಪು ಅಂತ ಕೆಂಪು ಗೀಟು ಹಾಕಿದರೆ ಏನೂ ಕಲಿಯುವುದಿಲ್ಲ. 100 ಬರೆದ ಉದ್ದ ಚೀಟಿಯ ಮೇಲೆ, ಬಲಗಡೆ ಅಂಚಿಗೆ ಸರಿಯಾಗಿ, 2 ಬರೆದ ಗಿಡ್ಡ ಚೀಟಿ ಇಡಿ. ಕೊನೆಯ ಸೊನ್ನೆ ಮುಚ್ಚಿ 102 ಕಾಣಿಸುತ್ತದೆ. ಚೀಟಿ ಎತ್ತಿದರೆ ಸೊನ್ನೆ ಕೆಳಗೇ ಇದೆ. ಹಳೆಯ ರಟ್ಟು ಕತ್ತರಿಸಿ ಮಾಡಬಹುದು.

ನನ್ನ ಕೆಲಸ ಶಿಕ್ಷಕರಿಗೆ ತರಬೇತಿ ಕೊಡುವುದು. ಅಲ್ಲಿ ಜಾಸ್ತಿ ಕಾಣುವ ತೊಂದರೆ ಹೇಳುತ್ತೇನೆ. ವಸ್ತು, ಚಿತ್ರ, ಅಂಕಿ ಅನ್ನುವ ಕ್ರಮದ ಬೇರು 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಬರೆದದ್ದರಲ್ಲಿದೆ. 1980ರ ದಶಕದಲ್ಲಿ ಸಿಂಗಪುರ ಅದನ್ನು ತನ್ನ ಪ್ರಾಥಮಿಕ ಗಣಿತದ ಬುನಾದಿ ಮಾಡಿಕೊಂಡಿತು. ಈಗ ಎಲ್ಲ ಕಡೆ ಅದೇ ಮಾತು. ಆದರೆ ಬಹಳ ಶಾಲೆಗಳಲ್ಲಿ ಸೋಮವಾರ ಕಡ್ಡಿ, ಮಂಗಳವಾರ ಚಿತ್ರ, ಬುಧವಾರ ಅಂಕಿ ಅಂತ ಮೂರು ಬೇರೆ ಬೇರೆ ಪಾಠ ಆಗಿಬಿಟ್ಟಿದೆ. ಕಡ್ಡಿ ಕಂತೆ ಬಿಚ್ಚುವ ಹೊತ್ತಿಗೇ ಪಕ್ಕದಲ್ಲಿ ಅಂಕಿ ಬರೆಯಬೇಕು. ಇಲ್ಲಿ ಕಂತೆ ಬಿಚ್ಚಿದ್ದು ಅಲ್ಲಿ 52ರ 5 ಹೊಡೆದು 4 ಮಾಡಿದ್ದಕ್ಕೆ ಸಮ ಅಂತ ಮಗುವಿನ ಬಾಯಲ್ಲೇ ಬರಬೇಕು. ಅಪ್ಪನವರು ಬರೆದ "ಒಂದು ದಿನ ಕಡ್ಡಿ, ಒಂದು ದಿನ ರೇಖೆ" ಓದಿ ನನಗೆ ಅನುಮಾನ ಬಂದದ್ದು ಅಲ್ಲಿಯೇ.

ಮೂರನೇಕ್ಲಾಸ್_ಅಪ್ಪ
@ಬಿಡಿಹತ್ತುನೂರು ಸರ್, ಅವಳ ನೋಟ್ಸ್ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಇದೆ. ಚಿತ್ರದ ಪುಟ ಬೇರೆ, ಲೆಕ್ಕದ ಪುಟ ಬೇರೆ. ಹಾಗಾದರೆ ಮನೆಯಲ್ಲಿ ದಿನಾ ಎಷ್ಟು ಹೊತ್ತು ಕೂರಿಸಲಿ? ಮಗ್ಗಿ ಈಗಲೇ ಶುರು ಮಾಡಲಾ?

ಚಾಕ್‌ಪೀಸ್
ಒಂದು ಗಂಟೆ ಕೂರಿಸಿದರೆ ನಿಮಗೂ ಅವಳಿಗೂ ಜಗಳ ಆಗುತ್ತದೆ. ಐದರಿಂದ ಹತ್ತು ನಿಮಿಷ, ಆದರೆ ದಿನಾ. ಭಾನುವಾರ ಒಟ್ಟಿಗೆ ಮಾಡುತ್ತೇವೆ ಅಂದರೆ ಉಪಯೋಗ ಇಲ್ಲ, ಬಿಡುವು ಕೊಟ್ಟು ಮತ್ತೆ ನೆನಪು ಮಾಡಿಕೊಂಡಾಗಲೇ ಗಟ್ಟಿಯಾಗುವುದು. ಮೊದಲು ಹತ್ತಾಗುವ ಜೋಡಿ. ನೀವು ಆರು ಅನ್ನಿ, ಅವಳು ನಾಲ್ಕು ಅನ್ನಲಿ. ಆಮೇಲೆ ಇಮ್ಮಡಿ: 6+6, 7+7, 8+8. 7+7 ಹದಿನಾಲ್ಕು ಅಂತ ಬಂದರೆ 7+8ಕ್ಕೆ ಒಂದು ಜಾಸ್ತಿ ಅಷ್ಟೇ. ಇವೆರಡು ಸರಾಗ ಆದ ಮೇಲೆ ಮಗ್ಗಿ. ಎರಡು, ಹತ್ತು, ಐದು, ಈ ಕ್ರಮದಲ್ಲಿ. ಹಾಡಿ ಹೇಳಿಸಿ, ನನ್ನ ಅಭ್ಯಂತರ ಇಲ್ಲ (ಮೇಷ್ಟ್ರಿಗೆ ಖುಷಿ ಆಗಲಿ). ಹಾಡಿದ ಮೇಲೆ ನಡುವಿನಿಂದ ಕೇಳಿ.

ಉತ್ತರ ಬಂದ ಮೇಲೆ "ಹೇಗೆ ಬಂತು" ಅಂತ ಕೇಳುವುದನ್ನು ಬಿಡಬೇಡಿ. ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳ ಆಗುತ್ತದೆ, ಸರಿಯಾದಾಗಲೂ ಕೇಳಿ.

ಹಳೇಮೇಷ್ಟ್ರು
ಖುಷಿ ಆಯಿತು. ಆದರೆ ಹದಿನಾರರ ಮಗ್ಗಿ ಬಿಡಬೇಡಿ ಅನ್ನುವ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಲೆಕ್ಕಕ್ಕೆ_ಸಿಗದವಳು
ಒಂದು ಎಚ್ಚರಿಕೆ ಅಪ್ಪನವರೇ. ನಿಮ್ಮ ಮಗಳಿಗೆ ಇದು ಅಂತಲ್ಲ, ಓದುವ ಬೇರೆಯವರಿಗೆ ಇರಲಿ. ಕೆಲವು ಮಕ್ಕಳಿಗೆ ಎಷ್ಟೇ ಅಭ್ಯಾಸ ಮಾಡಿಸಿದರೂ ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಅನ್ನುವುದೇ ತೋಚುವುದಿಲ್ಲ. ಅದಕ್ಕೆ ಡಿಸ್‌ಕ್ಯಾಲ್ಕುಲಿಯಾ ಅನ್ನುತ್ತಾರೆ. ಬುದ್ಧಿ ಕಡಿಮೆ ಅಂತ ಅರ್ಥ ಅಲ್ಲ. ಅಂಥವರನ್ನು ತಿಳಿದವರಿಗೆ ತೋರಿಸಬೇಕು, ಇನ್ನೂ ನಾಲ್ಕು ಪುಟ ಮಗ್ಗಿ ಬರೆಸಬಾರದು.

ಬಿಡಿಹತ್ತುನೂರು
ಸರಿಯಾದ ಮಾತು. ಹೋಗುವ ಮುಂಚೆ ಎಲ್ಲರಿಗೂ ಒಂದು ಲೆಕ್ಕ. ಮನೆಯ ಮಕ್ಕಳಿಗೆ ಕೊಟ್ಟು ನೋಡಿ:

8 + 4 = ☐ + 5

ಸೊನ್ನೆ
ನಮ್ಮ ಮನೆಯಲ್ಲಿ ಐದನೇ ತರಗತಿಯವನು 12 ಅಂದ. ಅವನ ಅಣ್ಣ 17 ಅಂದ.

ಅಜ್ಜಿಮನೆಪಾಟಿ
ನನ್ನದೂ 12. 😐

ಬಿಡಿಹತ್ತುನೂರು
ಉತ್ತರ 7. 12 ಅನ್ನುವವರಿಗೆ ಸಮ ಚಿಹ್ನೆ ಅಂದರೆ "ಈಗ ಉತ್ತರ ಬರೆ" ಅಂತ. ಎರಡೂ ಕಡೆ ಒಂದೇ ಬೆಲೆ ಅಂತ ಅಲ್ಲ. ಪುಸ್ತಕದಲ್ಲಿ ವರ್ಷಗಟ್ಟಲೆ ಖಾಲಿ ಜಾಗ ಬಲಗಡೆ ಕೊನೆಗೇ ಇದ್ದರೆ ಇನ್ನೇನಾಗುತ್ತದೆ? 12 = ☐ + 5 ಅಂತ ತಿರುಗಿಸಿ ಬರೆಯುವುದನ್ನು ಒಂದನೇ ತರಗತಿಯಿಂದಲೇ ಶುರು ಮಾಡಬಹುದು. ಬೀಜಗಣಿತಕ್ಕೆ ಹೋದಾಗ ಇದೇ ಕೈಕೊಡುವುದು.

ಕೋಡ್‌ಕುಟ್ಟುವವ
ಕೋಡಿನಲ್ಲಿ ನಾವೂ ಎರಡು ಥರದ ಸಮ ಚಿಹ್ನೆ ಇಟ್ಟುಕೊಂಡಿದ್ದೇವೆ. ಒಂದು ಬೆಲೆ ಇಡುವುದಕ್ಕೆ, ಒಂದು ಸಮವಾ ಅಂತ ಕೇಳುವುದಕ್ಕೆ. ಒಂದರ ಬದಲು ಇನ್ನೊಂದು ಬರೆದು ರಾತ್ರಿಯಿಡೀ ತಪ್ಪು ಹುಡುಕುವವರು ಇದ್ದಾರೆ. ಹಾಗಾಗಿ ಆ ಐದನೇ ತರಗತಿಯವನಿಗೆ ಬೈಯಬೇಡಿ.

ಮೂರನೇಕ್ಲಾಸ್_ಅಪ್ಪ
ಎಲ್ಲರಿಗೂ ಧನ್ಯವಾದ. ಹತ್ತಾಗುವ ಜೋಡಿಯಿಂದ ಶುರು ಮಾಡುತ್ತೇನೆ. ಕೊನೆಯದಾಗಿ ಒಂದೇ ಪ್ರಶ್ನೆ. ಭಾಗಾಕಾರ ಮುಂದಿನ ತಿಂಗಳು ಶುರುವಂತೆ. ಸಮವಾಗಿ ಹಂಚುವುದು ಅಂತ ಹೇಳಿಕೊಡಬೇಕಾ, ಮತ್ತೆ ಮತ್ತೆ ಕಳೆಯುವುದು ಅಂತಲಾ?

ಹಳೇಮೇಷ್ಟ್ರು
ಮಗ್ಗಿ ಬಂದರೆ ಭಾಗಾಕಾರ ತಾನಾಗಿ ಬರುತ್ತದೆ.

ಚಾಕ್‌ಪೀಸ್
ಮೇಷ್ಟ್ರೇ, ಶೇಷ ಬಂದಾಗ ಏನು ಮಾಡುವುದು ಅಂತ ಮಗ್ಗಿ ಹೇಳುತ್ತದಾ?

ನಿರ್ವಾಹಕ
ಭಾಗಾಕಾರಕ್ಕೆ ದಯವಿಟ್ಟು ಬೇರೆ ಚರ್ಚೆ ತೆರೆಯಿರಿ. ಶೇಷದ ಜಗಳ ಇಲ್ಲಿ ಬೇಡ.